ನಾನೂರ ಹದಿನೇಳರ ಪಕ್ಕ

ಜೂನ್ ೩, ಮಂಗಳವಾರ

ಹೋಯಿತು. ಬೆಳಿಗ್ಗೆ ಹತ್ತೂವರೆಗೆ ನನ್ನ ಕಂಪ್ಯೂಟರ್ ಪ್ರಾಣ ಬಿಟ್ಟಿತು. ಹನ್ನೊಂದು ವರ್ಷ ದುಡಿದ ಜೀವ, ಹೋಗುವಾಗಲಾದರೂ ಮರ್ಯಾದೆಯಿಂದ ಹೋಗಬಾರದೇ? ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಗುಂಡಿ ಒತ್ತಿದೆ, ತಟ್ಟಿದೆ, ಬೈದೆ, ಕೊನೆಗೆ ಮುದ್ದು ಮಾಡಿಯೂ ನೋಡಿದೆ. ಊಹೂಂ.

ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ತಲೆ ತಿರುಗಿಸದೆಯೇ ಹೇಳಿದರು: "ಕೆಪಾಸಿಟರ್ ಹೋಗಿದೆ."

ಮೂರು ದಿನದಲ್ಲಿ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಜಗಳವೇನಿಲ್ಲ. ನಮ್ಮ ಮನೆಯಲ್ಲಿ ಹಾಗೆಯೇ. ಅವರು ಕಿಟಕಿ ನೋಡುತ್ತಾರೆ, ನಾನು ಪರದೆ ನೋಡುತ್ತೇನೆ. ನನ್ನ ಟೈಪಿಂಗ್ ಕೆಲಸಕ್ಕೆ ಅವರು ಇಟ್ಟಿರುವ ಹೆಸರು 'ಕುಟ್ಟೋದು'. "ಕುಟ್ಟೋದು ಮುಗೀತಾ?" ಎಂದು ಕೇಳಿದರೆ ಊಟದ ಹೊತ್ತಾಯಿತು ಎಂದರ್ಥ.

ಸಾಯಲು ಇದಕ್ಕೆ ಬೇರೆ ದಿನ ಸಿಗಲಿಲ್ಲವೇ? ಹದಿನಾಲ್ಕು ವರ್ಷ ಅರ್ಜಿ, ಕರಾರುಪತ್ರ, ಆಹ್ವಾನಪತ್ರ ಎಂದು ಚಿಲ್ಲರೆ ಕೆಲಸ ಮಾಡಿದವಳಿಗೆ ಮೊದಲ ಸಲ ಒಂದು ದೊಡ್ಡ ಕೆಲಸ ಸಿಕ್ಕಿದೆ. ಬಸ್ಸುಗಳ ವೇಳಾಪಟ್ಟಿ, ಇನ್ನೂರು ಪುಟ. ಆರು ತಿಂಗಳಿಗೊಮ್ಮೆ ಹೊಸದಾಗಿ ಅಚ್ಚಾಗುತ್ತದೆ. ಮೊದಲ ಪ್ರತಿ ಮುಗಿಸಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೆ, ಸದ್ಯ. ಆದರೆ ಬಸ್ ಕಚೇರಿಯವರು ಕೂತಲ್ಲೇ ಮುಕ್ಕಾಲು ಪಾಲು ಸಮಯ ಬದಲಾಯಿಸಿದ್ದಾರೆ. ತಿದ್ದಿದ ಪ್ರತಿ ಇದೇ ತಿಂಗಳು ಇಪ್ಪತ್ತೇಳಕ್ಕೆ ಕೊಟ್ಟರೆ ಇನ್ನು ಮುಂದೆ ಈ ಕೆಲಸ ನನ್ನದೇ ಎಂದು ಪ್ರೆಸ್ಸಿನವರು ಹೇಳಿದ್ದಾರೆ. ಕೊಡದಿದ್ದರೆ ಮಾರ್ಕೆಟ್ ಮೂಲೆಯ ಅಣ್ಣತಮ್ಮಂದಿರ ಟೈಪಿಂಗ್ ಅಂಗಡಿಗೆ ಹೋಗುತ್ತದೆ. ಆ ತಮ್ಮ ನನ್ನನ್ನು ಕಂಡಾಗಲೆಲ್ಲ ಹಲ್ಲು ಕಿರಿಯುತ್ತಾನೆ. ಅದನ್ನು ನೆನೆದರೇ ಹೊಟ್ಟೆ ಉರಿಯುತ್ತದೆ.

ಜೂನ್ ೫, ಗುರುವಾರ

ಹೊಸ ಕಂಪ್ಯೂಟರ್ ಕೊಳ್ಳುವುದೋ, ಬಿಡಿಭಾಗ ತಂದು ಜೋಡಿಸುವುದೋ? ಇಷ್ಟೇ ಪ್ರಶ್ನೆ. ಬೇರೆ ಮನೆಯಾಗಿದ್ದರೆ ಒಂದು ಲೋಟ ಕಾಫಿಯಲ್ಲಿ ತೀರ್ಮಾನವಾಗುತ್ತಿತ್ತು. ನಾನು ಮದುವೆಯಾಗಿರುವುದು ಗ್ರಂಥಪಾಲಕರನ್ನು.

ಇವರು ಲೈಬ್ರರಿಯಿಂದ ಒಂದು ಕಟ್ಟು ಖಾಲಿ ಕಾರ್ಡು ತಂದಿದ್ದಾರೆ. ಹಳದಿ ಕಾರ್ಡು ಕೊಳ್ಳುವುದಕ್ಕೆ, ಬಿಳಿ ಕಾರ್ಡು ಜೋಡಿಸುವುದಕ್ಕೆ. ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಗುಣ, ದೋಷ, ಬೆಲೆ, 'ಇದನ್ನೂ ನೋಡಿ'. ರಾತ್ರಿ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ.

"ಯಾವುದು ಅಂತ ತೀರ್ಮಾನ ಆಯ್ತೇನ್ರೀ?"

"ಇರು ಮಾರಾಯ್ತಿ, ಇನ್ನೂ ಕೀಬೋರ್ಡಿಗೆ ಬಂದಿಲ್ಲ."

ಕೀಬೋರ್ಡು ನನ್ನ ಹತ್ತಿರ ಇದೆ. ಪರದೆಯೂ ಇದೆ. ಸತ್ತಿರುವುದು ಡಬ್ಬಿ ಮಾತ್ರ. ಹೇಳಿದೆ. ಅದಕ್ಕೂ ಒಂದು ಕಾರ್ಡು ಬರೆದರು.

ಜೂನ್ ೮, ಭಾನುವಾರ

ನಾನೇ ಇವರನ್ನು ಎಳೆದುಕೊಂಡು ಶೋರೂಮಿಗೆ ಹೋದೆ. ಕೊಂಡುಬಿಡೋಣ, ತಲೆನೋವು ಮುಗಿಯಲಿ ಎಂಬುದು ನನ್ನ ಮತ. ಅಲ್ಲಿಯ ಹುಡುಗ ತೋರಿಸಿದ ಪೆಟ್ಟಿಗೆಗಳೊಳಗೆಲ್ಲ ಕೆಂಪು, ನೀಲಿ, ನೇರಳೆ ದೀಪ ತಿರುಗುತ್ತಿದ್ದವು.

"ಮೇಡಂ, ಗೇಮ್ ಆಡೋರು ಯಾರು, ಮಗನಾ?"

"ಯಾರೂ ಇಲ್ಲಪ್ಪ. ನಾನು ಬಸ್ ಓಡಿಸ್ತೀನಿ. ಇನ್ನೂರು ಪುಟ."

ಅವನಿಗೆ ಅರ್ಥವಾಗಲಿಲ್ಲ. ನನಗೆ ಅವನು ಹೇಳಿದ ಬೆಲೆ ಮಾತ್ರ ಚೆನ್ನಾಗಿ ಅರ್ಥವಾಯಿತು. ದೀಪ ಬೇಡ, ದೀಪವಿಲ್ಲದ್ದು ಕೊಡು ಎಂದೆ. ದೀಪವಿಲ್ಲದ್ದು ಇನ್ನೂ ದುಬಾರಿಯಂತೆ, ಅದು ಆಫೀಸಿನವರಿಗಂತೆ. ನಾನು ಆಫೀಸಿನವಳ ಹಾಗೆ ಕಾಣುವುದಿಲ್ಲವೆಂದು ಅವನ ಮುಖದಲ್ಲೇ ಬರೆದಿತ್ತು. ಇವರು ಅಲ್ಲಿ ನಿಂತೇ ನಾಲ್ಕು ಹಳದಿ ಕಾರ್ಡು ಬರೆದರು. ಬರಿಗೈಯಲ್ಲಿ ಬಂದೆವು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಇವರಿಗೆ ಅದು ಗೊತ್ತಾಗಲೂ ಇಲ್ಲ.

ಜೂನ್ ೯, ಸೋಮವಾರ

ಬರೆದಿಡಬೇಕಾದ ದಿನ. ಅತ್ತೆ ಎದ್ದು ಮೇಜಿಗೆ ಬಂದರು.

ಇವರು ಕಾರ್ಡುಗಳನ್ನು ಮೂರನೇ ಸಲ ಜೋಡಿಸುತ್ತಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಎತ್ತಿ ಓದಿದರು. ಹಳದಿ ಕಟ್ಟನ್ನು ಹಾಗೇ ಪಕ್ಕಕ್ಕೆ ತಳ್ಳಿದರು. ಬಿಳಿಯದರಲ್ಲಿ ಎರಡೇ ಎರಡು ಕಾರ್ಡು ಎತ್ತಿ ಮಗನ ಮುಂದಿಟ್ಟರು.

"ಕರೆಂಟ್ ಕೊಡೋದು ಹೊಸದಿರಲಿ. ಬರೆದಿಟ್ಟುಕೊಳ್ಳೋದು ಹೊಸದಿರಲಿ. ಮಿಕ್ಕಿದ್ದೆಲ್ಲ ಹಳೇದೇ ತಗೊಂಡ್ರೂ ನಡಿಯುತ್ತೆ, ಕಾಯಿಸಿ ನೋಡಿ ತಗೋಬೇಕು ಅಷ್ಟೆ."

"ಜೋಡಿಸೋರು ಯಾರಮ್ಮ?" ಎಂದರು ಇವರು.

"ಯಾಕೆ, ನಾನು ಸತ್ತಿದ್ದೀನಾ?"

ಇವರು ನನ್ನನ್ನು ನೋಡಿದರು, ನಾನು ಇವರನ್ನು ನೋಡಿದೆ. ಅತ್ತೆಗೆ ಎಪ್ಪತ್ತೊಂದು. ರೇಡಿಯೋ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸದಲ್ಲಿದ್ದರೆಂದು ಗೊತ್ತಿತ್ತು. ರೇಡಿಯೋಗಳನ್ನು ಡಬ್ಬಿಗೆ ತುಂಬುತ್ತಿದ್ದರೆಂದು ನಾನು ಅಂದುಕೊಂಡಿದ್ದೆ. ಇವತ್ತು ತಿಳಿಯಿತು, ತಂತಿ, ಬೆಸುಗೆ ಎಲ್ಲ ಮಾಡುತ್ತಿದ್ದರಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ.

ಆದರೂ ರೇಡಿಯೋ ಬೇರೆ, ಕಂಪ್ಯೂಟರ್ ಬೇರೆ. ಇಪ್ಪತ್ತೇಳನೇ ತಾರೀಖಿನಂದು ನನ್ನ ಬಸ್ಸುಗಳ ಬದಲು ಸಂಗೀತ ಬಂದರೆ ಏನು ಗತಿ? ಈ ಮಾತು ಬಾಯಿ ತುದಿಗೆ ಬಂದಿತ್ತು, ನುಂಗಿದೆ. ಯಾಕೆ ನುಂಗಿದೆನೋ.

ಜೂನ್ ೧೧, ಬುಧವಾರ

ಮೇಲ್ವಿಚಾರಕಿಯವರ ಜೊತೆ ಆಟೋದಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ಬಂದೆ. (ಅತ್ತೆಗೆ ನಾನಿಟ್ಟಿರುವ ಹೊಸ ಹೆಸರು. ಈ ಪುಸ್ತಕದಿಂದ ಹೊರಗೆ ಹೋಗಬಾರದು.)

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಅಂಗಡಿಯವನು ಚಾಳೀಸನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ. ಅವನ ಹೆಸರು ಕೇಳಲಿಲ್ಲ, ಚಾಳೀಸು ಎಂದೇ ಇರಲಿ.

"ಹಳೇ ಬೋರ್ಡಿಗೆ ಗ್ಯಾರಂಟಿ ಇರಲ್ಲ ಅಜ್ಜಿ, ಮೊದಲೇ ಹೇಳಿರ್ತೀನಿ."

"ಗ್ಯಾರಂಟಿ ನಾನು ನೋಡ್ಕೋತೀನಿ. ನೀನು ಕರೆಂಟ್ ಕೊಡು."

ಒಂದೊಂದು ಬೋರ್ಡಿಗೂ ಒಂದೊಂದು ಗಂಟೆ ಕರೆಂಟ್ ಕೊಡಿಸಿ, ಸ್ಟೂಲಿನ ಮೇಲೆ ಕೂತು ಕಾದರು. ನಡುನಡುವೆ ಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದು, ಮಗುವಿಗೆ ಜ್ವರ ನೋಡುವ ಹಾಗೆ. "ಇದಕ್ಕೆ ಮೈ ಕಾವು ಜಾಸ್ತಿ, ಬೇಡ." ಎರಡನೆಯದೂ ಬೇಡ. ಮೂರನೆಯದಕ್ಕೆ ಬರುವ ಹೊತ್ತಿಗೆ ಚಾಳೀಸು ತಾನೇ ಓಡಿಹೋಗಿ ಅವರಿಗೆ ಕಾಫಿ ತಂದಿದ್ದ. ನನಗೆ ತರಲಿಲ್ಲ.

ಮೂರು ಗಂಟೆ ಒಂದೇ ಕಡೆ ಕೂತರೆ ಮೌನವ್ರತವೂ ಮುರಿಯುತ್ತದೆ. ಅತ್ತೆ ಕಾರ್ಖಾನೆಯ ಮಾತು ತೆಗೆದರು. ಅಲ್ಲಿ ಹೆಸರಿಲ್ಲ, ಎಲ್ಲರಿಗೂ ನಂಬರು. ಅವರದು ನಾನೂರ ಹದಿನೇಳು. ತಾವು ಕೆಲಸ ಮಾಡಿದ ಸೆಟ್ಟಿನೊಳಗೆ ತಮ್ಮ ನಂಬರಿನ ಚೀಟಿ ಅಂಟಿಸಬೇಕು. ಸಂಜೆ ಗಂಟೆ ಹೊಡೆದರೆ ಸೆಲ್ಲುಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿ ಎಣಿಸಿ ಕೊಟ್ಟ ಮೇಲೆಯೇ ಮನೆ. ಮಾತಾಡಿದರೆ ದಂಡ, ಸೀನಿದರೆ ದುರುಗುಟ್ಟಿ ನೋಡುವುದು.

"ನಾನು ಹಾಕಿದ ಬೆಸುಗೆನ ನಾನೂರ ಹದಿನೆಂಟು ನೋಡ್ಬೇಕು. ಅವಳು ನೋಡಿ ತಲೆ ಆಡಿಸದೆ ಸೆಟ್ಟು ಮುಂದಕ್ಕೆ ಹೋಗಲ್ಲ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳಲ್ಲ ಕಣೇ. ಪಕ್ಕದವಳು ಬೇಕು."

"ಅವರು ಈಗ ಎಲ್ಲಿದ್ದಾರೆ ಅತ್ತೆ?"

"ಹೋದ್ಲು. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತಿದ್ಲು," ಎಂದರು. ಆಮೇಲೆ ಬೋರ್ಡಿನ ಕಾವು ನೋಡಿದರು.

ಮೂರನೇ ಬೋರ್ಡು ಪಾಸಾಯಿತು. ಒಂದು ಪಕ್ಕದ ಬಾಗಿಲು ಕಳೆದುಹೋದ ಕ್ಯಾಬಿನೆಟ್ಟು ಅರ್ಧ ಬೆಲೆಗೆ ಸಿಕ್ಕಿತು. ನೆಟ್ ಹಿಡಿಯುವ ಸಣ್ಣ ಬೋರ್ಡನ್ನು ಚಾಳೀಸು ಎತ್ತಿ ತೋರಿಸಿದಾಗ ಅತ್ತೆ ಅದನ್ನು ವಾಪಸ್ ಇಡಿಸಿದರು. "ಬಸ್ಸಿನ ಟೈಮ್ ಕುಟ್ಟೋಕೆ ಅದ್ಯಾಕೆ? ಹಾಕಿಸಿಕೊಟ್ರೆ ಕಂಡೋರ ಮದುವೆ ಫೋಟೋ ನೋಡ್ಕೊಂಡು ಕೂತಿರ್ತೀಯ."

ಚಾಳೀಸು ನಕ್ಕ. ನನಗೆ ಕೋಪ ಬಂತು, ಯಾಕೆಂದರೆ ಮಾತು ನಿಜ.

ಜೂನ್ ೧೨, ಗುರುವಾರ

ಇವರ ಕಾರ್ಡು ನೂರು ದಾಟಿತು. ನಾವು ಎಲ್ಲ ಕೊಂಡು ತಂದಾಯಿತೆಂದು ಹೇಳಿದೆ. "ಹೋಲಿಕೆಗೆ ಬೇಕಾಗುತ್ತೆ," ಎಂದರು.

ಜೂನ್ ೧೪, ಶನಿವಾರ

ಜೋಡಣೆ. ಊಟದ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಡಬ್ಬಿಗಳ ಮುಚ್ಚಳಗಳಲ್ಲಿ ಸ್ಕ್ರೂಗಳನ್ನು ಅಳತೆ ಪ್ರಕಾರ ವಿಂಗಡಿಸಿಟ್ಟು, ಅತ್ತೆ ಕೈ ತೊಳೆದು ಕೂತರು. ನನ್ನ ಕೈಗೆ ಟಾರ್ಚು.

"ಬಲಕ್ಕೆ ಹಿಡಿ. ಏ, ನಿನ್ನ ಬಲ ಅಲ್ಲ, ನನ್ನ ಬಲ."

ಆ ಬೆರಳುಗಳನ್ನು ನೋಡಬೇಕಿತ್ತು. ಲೋಟ ಎತ್ತುವಾಗ ಗಂಟು ನೋಯುತ್ತದೆಂದು ಎರಡೂ ಕೈ ಹಾಕುವವರು, ಗೋಧಿಕಾಳಿನಷ್ಟಿರುವ ಸ್ಕ್ರೂ ಹಿಡಿದು ಎಲ್ಲಿ ಬೇಕೋ ಅಲ್ಲಿಗೆ ಇಳಿಸುತ್ತಿದ್ದರು. ಗೊತ್ತಿಲ್ಲದ ಕಡೆ ಕಾಗದ ಓದಿಸಿಕೊಂಡರು. ಓದುವುದು ನನ್ನ ಕೆಲಸ. ಒಂದೊಂದು ವಾಕ್ಯಕ್ಕೂ "ಇನ್ನೊಂದ್ಸಲ" ಎನ್ನುತ್ತಿದ್ದರು. ನಾಲ್ಕು ಗಂಟೆ ಹೊತ್ತಿಗೆ ಮುಗಿಯಿತು.

ಮುಗಿದಿರಲಿಲ್ಲ. ಬಟ್ಟೆಯ ಮೇಲೆ ಒಂದು ಸ್ಕ್ರೂ ಉಳಿದಿತ್ತು.

"ಒಂದು ತಾನೇ ಅತ್ತೆ, ಬಿಡಿ," ಎಂದದ್ದೇ ತಪ್ಪಾಯಿತು. ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿನ ಮೇಲಿದೆ. ಇಡೀ ಡಬ್ಬಿ ಬಿಚ್ಚಿದರು. ಎಣಿಸಿದರು. ಎಲ್ಲ ಸ್ಕ್ರೂ ಅದರದರ ಜಾಗದಲ್ಲೇ ಇತ್ತು. ಮತ್ತೆ ಜೋಡಿಸಿದರು. ಮತ್ತೆ ಒಂದು ಉಳಿಯಿತು. ಮೂರನೇ ಸಲ ಬಿಚ್ಚಲು ಕೈ ಹಾಕುವಷ್ಟರಲ್ಲಿ ಇವರು ಏನಾಗಿದೆಯೆಂದು ಮತ್ತೊಮ್ಮೆ ಬಗ್ಗಿ ನೋಡಲು ಬಂದರು, ಇವರ ಕನ್ನಡಕದ ಒಂದು ಕಡ್ಡಿ ಕಳಚಿ ಮೇಜಿನ ಮೇಲೆ ಬಿತ್ತು. ಸ್ಕ್ರೂ ಅದರದು!

ನಾನು ನಕ್ಕೆ. ಇವರು ಸಪ್ಪಗಾದರು. ಅತ್ತೆಯೂ ನಕ್ಕರು, ಹಲ್ಲು ಕಾಣುವ ಹಾಗೆ. ಅವರಿಗೆ ಎಡಗಡೆ ಒಂದು ಹಲ್ಲಿಲ್ಲವೆಂದು ನನಗೆ ಇವತ್ತೇ ಗೊತ್ತಾದದ್ದು.

ಆಮೇಲೆ ಅತ್ತೆ ಒಂದು ಚೀಟಿಯ ಮೇಲೆ ೪೧೭ ಎಂದು ಬರೆದು ಡಬ್ಬಿಯೊಳಗೆ ಅಂಟಿಸಿದರು.

"ಇದ್ಯಾಕತ್ತೆ?"

"ಕೆಟ್ರೆ ಯಾರ ತಪ್ಪು ಅಂತ ಗೊತ್ತಾಗ್ಬೇಕಲ್ಲ."

ಜಗತ್ತೆಲ್ಲ ಇನ್ನೊಬ್ಬರ ಮೇಲೆ ಗೂಬೆ ಕೂರಿಸಲು ಹೆಗಲು ಹುಡುಕುತ್ತಿದ್ದರೆ, ಇವರು ತಮ್ಮ ಹೆಗಲನ್ನೇ ತೋರಿಸಿ ಚೀಟಿ ಅಂಟಿಸಿದ್ದಾರೆ. ಗುಂಡಿ ಒತ್ತಿದೆ. ಪರದೆ ಬೆಳಗಿತು. ಅತ್ತೆ ಕೈ ತೊಳೆಯಲು ಹೋದರು. ತುಂಬ ಹೊತ್ತು ತೊಳೆದರು.

ಜೂನ್ ೧೮, ಬುಧವಾರ

ಎಂಬತ್ತು ಪುಟ ತಿದ್ದಿದೆ. ಕಂಪ್ಯೂಟರ್ ಕುದುರೆಯ ಹಾಗೆ ಓಡುತ್ತಿದೆ. ಒಂದೇ ಚಾಳಿ. ಬೆಳಿಗ್ಗೆ ಏಳುವಾಗ ಏನೋ ಗೊಣಗಿ ಒಂದು ಗುಂಡಿ ಒತ್ತಿಸಿಕೊಳ್ಳುತ್ತದೆ, ಮೂಲೆಯ ಗಡಿಯಾರ ಹೊತ್ತಲ್ಲದ ಹೊತ್ತು ತೋರಿಸುತ್ತದೆ. ಹಳೇ ಬೋರ್ಡು, ಅಷ್ಟು ಮರೆವು ಇದ್ದರೆ ಇರಲಿ. ಗೋಡೆಯ ಮೇಲೆ ಗಡಿಯಾರ ಇದೆ, ಇದನ್ಯಾರು ಕೇಳಿದರು?

ಮೇಲ್ವಿಚಾರಕಿಯವರು ಕುರ್ಚಿಯನ್ನು ಕಿಟಕಿಯಿಂದ ಎತ್ತಿಸಿ ನನ್ನ ಮೇಜಿನ ಪಕ್ಕಕ್ಕೆ ಹಾಕಿಸಿಕೊಂಡಿದ್ದಾರೆ. ಡಬ್ಬಿಗೆ ಬಾಗಿಲಿಲ್ಲವೆಂದು ಬಟ್ಟೆಯ ಪರದೆ ಹೊಲಿದಿದ್ದಾರೆ. ದಿನಾ ಸಂಜೆ ನಾನು ಎದ್ದ ಮೇಲೆ ಪ್ಲಗ್ ಕಿತ್ತು, ಪರದೆ ಸರಿಸಿ, ಒಳಗೆಲ್ಲ ಧೂಳು ಹೊಡೆಯುತ್ತಾರೆ. ಇಷ್ಟು ಸೇವೆ ನನಗೆ ಯಾರಾದರೂ ಮಾಡಿದ್ದರೆ ನಾನೂ ಕುದುರೆಯ ಹಾಗೆ ಓಡುತ್ತಿದ್ದೆ.

ಜೂನ್ ೨೧, ಶನಿವಾರ

ಬೆನ್ನು ನೋವು. ನೂರ ಇಪ್ಪತ್ತೈದು ಪುಟ ಆಯಿತು. ಅತ್ತೆ ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟು, "ಕೂರೋದು ಕಲೀಲಿಲ್ಲ ನೀನು," ಎಂದರು. ಅವರ ಹಾಗೆ ಕೂತರೆ ನೋವಿಲ್ಲ. ಒಪ್ಪಿಕೊಳ್ಳಲಿಲ್ಲ.

ಜೂನ್ ೨೬, ಗುರುವಾರ

ಮುಗಿಸಿದೆ! ಒಂದು ದಿನ ಮೊದಲೇ! ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಪ್ರೆಸ್ಸಿನವರ ಕೈಗೆ ಕೊಟ್ಟೆ. "ಇದರಲ್ಲಿ ಹಳೆಯದೂ ಇದೆ, ತಿದ್ದಿದ್ದೂ ಇದೆ. ಕೊನೆಯದನ್ನ ತಗೊಳ್ಳಿ," ಎಂದು ಹೇಳಿ ಬಂದೆ. ವಾಪಸ್ ಬರುವಾಗ ಅಣ್ಣತಮ್ಮಂದಿರ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದೆ.

ಜೂನ್ ೨೮, ಶನಿವಾರ

ಅಕ್ಷರ ಹೇಗೆ ಬಂದರೂ ಬರಲಿ, ಬರೆದುಬಿಡುತ್ತೇನೆ.

ಬೆಳಿಗ್ಗೆ ಪ್ರೆಸ್ಸಿನವರ ಫೋನು. ಅಚ್ಚಾದ ಮೊದಲ ಹಾಳೆಗಳನ್ನು ಬಸ್ ಕಚೇರಿಯವರು ನೋಡಿದರಂತೆ. ಎಲ್ಲ ಹಳೇ ಸಮಯ. ಒಂದೇ ಒಂದು ತಿದ್ದುಪಡಿ ಇಲ್ಲ. "ಏನಮ್ಮಾ ಇದು? ಇಪ್ಪತ್ತು ದಿನ ಏನು ಮಾಡ್ತಿದ್ರಿ?" ಎಂದರು.

ಓಡಿಹೋದೆ. ನಾನು ತಿದ್ದಿ ಕೊಟ್ಟಿದ್ದೇನೆ, ನೀವೇ ಹಳೆಯದನ್ನು ತೆಗೆದುಕೊಂಡಿದ್ದೀರಿ ಎಂದು ದಬಾಯಿಸಿದೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹಳೇ ಪ್ರತಿಯ ಮುಂದೆ ಈ ತಿಂಗಳ ಒಂದನೇ ತಾರೀಖು. ನಾನು ಬೆನ್ನು ಮುರಿದುಕೊಂಡು ತಿದ್ದಿದ ಪ್ರತಿಯ ಮುಂದೆ ಹನ್ನೆರಡು ವರ್ಷ ಹಿಂದಿನ ಜನವರಿ ಒಂದು!

"ಕೊನೆಯದು ತಗೊಳ್ಳಿ ಅಂದ್ರಿ. ತಾರೀಖು ನೋಡಿ ಕೊನೆಯದು ತಗೊಂಡೆ. ನಾನೇನಮ್ಮ ತಪ್ಪು ಮಾಡಿದೆ?"

ಏನೂ ಮಾಡಿಲ್ಲ. ನನ್ನ ಡಬ್ಬಿಯೇ ತಾರೀಖು ಮರೆತಿತ್ತು. ಆ ಮೂಲೆಯ ಗಡಿಯಾರ! ದಿನಾ ಕಣ್ಣೆದುರಿಗಿತ್ತು. ನೋಡಿಯೂ ನೋಡಲಿಲ್ಲ.

"ತಪ್ಪು ನನ್ನದೇ," ಎಂದೆ. ಹಾಳಾದ ಕಾಗದವನ್ನು ನನ್ನ ಕೂಲಿಯಲ್ಲಿ ಮುರಿದುಕೊಳ್ಳುತ್ತಾರಂತೆ. ಸರಿಯಾದ ಪ್ರತಿಯನ್ನು ಭಾನುವಾರವೂ ಕೂತು ಅಚ್ಚು ಮಾಡುತ್ತಾರೆ. ಮುಂದಿನ ಸಲದ ಮಾತು ಕೇಳಿದೆ. "ನೋಡೋಣ," ಎಂದರು. ಆ ನೋಡೋಣ ಎಂಥದ್ದೆಂದು ನನಗೆ ಗೊತ್ತಾಗುತ್ತದೆ. ದಾರಿಯಲ್ಲಿ ಮನಸ್ಸಿನಲ್ಲೇ ಅತ್ತೆಯನ್ನೂ ಬೈದೆ, ಚಾಳೀಸನ್ನೂ ಬೈದೆ. ಅತ್ತೆಯನ್ನು ಯಾಕೆ? ಬೋರ್ಡು ಆರಿಸಿದ್ದು ಅವರಲ್ಲವೇ?

ಮನೆಯಲ್ಲಿ ಏನೂ ಹೇಳಲಿಲ್ಲ. ನಾಳೆ ಬೆಳಗಾಗುತ್ತಲೇ ಡಬ್ಬಿ ಹೊತ್ತುಕೊಂಡು ಹೋಗಿ ಚಾಳೀಸಿನ ಮುಂದೆ ಕುಕ್ಕಿ, ಚೆನ್ನಾಗಿ ನಾಲ್ಕು ಮಾತು ಆಡಬೇಕು. ಮಾತುಗಳನ್ನೆಲ್ಲ ಈಗಲೇ ಯೋಚಿಸಿಟ್ಟಿದ್ದೇನೆ. ನಾಲ್ಕಲ್ಲ, ಇಪ್ಪತ್ತೆರಡಾಗಿದೆ.

ಜೂನ್ ೨೯, ಭಾನುವಾರ

ಹೋಗಲಿಲ್ಲ.

ಐದೂವರೆಗೇ ಎದ್ದೆ. ನನ್ನ ಮೇಜಿನ ಹತ್ತಿರ ಅತ್ತೆ ಇದ್ದರು. ಬೆನ್ನು ನನ್ನ ಕಡೆಗಿತ್ತು. ಕನ್ನಡಕದ ಡಬ್ಬಿ ತೆಗೆದು, ಅದರೊಳಗಿಂದ ಕೋಟಿನ ಗುಂಡಿಯಷ್ಟಿರುವ ಒಂದು ಸೆಲ್ ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಬಾಯಿಂದ ಉಫ್ ಎಂದು ಊದಿ, ಬೋರ್ಡಿನೊಳಗೆ ಕೂರಿಸಿದರು. ಬೆರಳಿನಿಂದ ಒತ್ತಿ ನೋಡಿದರು. ಪರದೆ ಎಳೆದರು. ಪ್ಲಗ್ ಹಾಕಿದರು. ಆಮೇಲೆ ನನ್ನ ಕೀಬೋರ್ಡನ್ನು ನೆಟ್ಟಗೆ ಮಾಡಿದರು.

ದಿನಾ ಸಂಜೆ ಧೂಳು ಹೊಡೆಯುವುದೆಂದರೆ ಇದು. ಕಾರ್ಖಾನೆಯಲ್ಲಿದ್ದ ಹಾಗೆ, ಗಂಟೆ ಹೊಡೆದರೆ ಸೆಲ್ ಬಿಚ್ಚಬೇಕು. ಬೆಳಿಗ್ಗೆ ಸೊಸೆ ಏಳುವುದರೊಳಗೆ ಹಾಕಿಡಬೇಕು. ತಾರೀಖನ್ನು ನೆನಪಿಡುವುದೇ ಆ ಸೆಲ್ಲು. ಪ್ಲಗ್ ಇಲ್ಲದ ಹೊತ್ತಿನಲ್ಲಿ ಅದನ್ನೂ ಕಿತ್ತರೆ ಡಬ್ಬಿಯ ಪಾಲಿಗೆ ಪ್ರತಿ ಬೆಳಗೂ ಅದೇ ಹನ್ನೆರಡು ವರ್ಷ ಹಿಂದಿನ ಜನವರಿ.

ನಾನು ಸದ್ದು ಮಾಡದೆ ಹೋಗಿ ಮತ್ತೆ ಮಲಗಿದೆ. ನಿದ್ದೆ ಬಂದವಳ ಹಾಗೆ ಗೊರಕೆಯನ್ನೂ ಹೊಡೆದೆ. ಇವರು ಎದ್ದು ಕೂತು, "ಹುಷಾರಿದ್ದೀಯಾ?" ಎಂದು ಕೇಳಿದರು.

ಸಿಟ್ಟು ಬರಬೇಕಿತ್ತು. ಇಪ್ಪತ್ತೆರಡು ಮಾತು ತಯಾರಿತ್ತು, ಒಂದೂ ಬೇಕಾಗಲಿಲ್ಲ. ಅತ್ತೆಗೆ ಹೇಳುವುದಿಲ್ಲ. ಹೇಳಿದರೆ ಕುರ್ಚಿ ಎತ್ತಿಕೊಂಡು ಮತ್ತೆ ಕಿಟಕಿಗೆ ಹೋಗಿಬಿಡುತ್ತಾರೆ. ನನಗೆ ಅದು ಬೇಡ. ಬೆಳಿಗ್ಗೆ ನಾನೇ ಒಂದು ನಿಮಿಷ ತಾರೀಖು ಹಾಕಿಕೊಂಡರೆ ಮುಗಿಯಿತು. ಈ ಪುಸ್ತಕದಲ್ಲಿ ದಿನಾ ಹಾಕುವುದಿಲ್ಲವೇ, ಹಾಗೆ.

ಜೂನ್ ೩೦, ಸೋಮವಾರ

ಮುಚ್ಚಿಟ್ಟದ್ದು ಒಂದೇ ದಿನ ಬಾಳಿತು.

ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನು ಹೊಡೆದುಕೊಂಡಿತು, ಅತ್ತೆ ಎತ್ತಿದರು. ಪ್ರೆಸ್ಸಿನವರು ನಾನೇ ಎಂದುಕೊಂಡು, "ತಾರೀಖು ಸರಿ ಮಾಡ್ಕೊಂಡ್ರೇನಮ್ಮಾ?" ಎಂದರಂತೆ. ಅತ್ತೆ ಯಾವ ತಾರೀಖು ಎಂದರು. ಅವರು ಎಲ್ಲ ಹೇಳಿಬಿಟ್ಟರು. ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅಂಗೈಯಲ್ಲಿ ಆ ಸೆಲ್ಲು.

"ಇದು ತೆಗೆದ್ರೆ ತಾರೀಖು ಮರೆಯುತ್ತಾ?"

"ಹೂಂ ಅತ್ತೆ."

"ರೇಡಿಯೋಗೆ ತಾರೀಖು ಬೇಕಿರ್ಲಿಲ್ಲ." ಇದನ್ನು ತಮಗೇ ಹೇಳಿಕೊಂಡರು. ಆಮೇಲೆ ಮುಖ ಕೆಂಪಾಯಿತು. "ನಿನಗೆ ಗೊತ್ತಿತ್ತು?"

"ನಿನ್ನೆ ಗೊತ್ತಾಯ್ತು."

"ಪ್ರೆಸ್ಸಲ್ಲಿ ನಿನ್ನ ತಪ್ಪು ಅಂದ್ಯಂತೆ."

"ಆಗ ಗೊತ್ತಿರ್ಲಿಲ್ಲ ಅತ್ತೆ. ಆಮೇಲೆ, ಹೋಗ್ಲಿ ಬಿಡು ಅಂತ…"

"ಒಳಗೆ ನನ್ನ ನಂಬರ್ ಇಲ್ವೇನೇ? ಮೂವತ್ತೊಂದು ವರ್ಷದಲ್ಲಿ ನನ್ನ ತಪ್ಪು ಇನ್ನೊಬ್ಬಳ ನಂಬರಿಗೆ ಹೋಗಿಲ್ಲ. ಈಗ ನೀನು ಕದ್ಕೊಂಡು ಹೋಗ್ತೀಯಾ?"

ಕದ್ದೆನಂತೆ! ನನ್ನ ಕೂಲಿ ಹೋಗಿದೆ, ಕೆಲಸ ಹೋಗುವ ಹಾಗಿದೆ, ಮೇಲೆ ಕಳ್ಳಿ ಎನ್ನಿಸಿಕೊಂಡೆ.

"ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳ್ಲಿಲ್ಲ ಅತ್ತೆ."

"ಬೇಜಾರು ನನ್ನದು. ಮಾಡ್ಕೋತೀನಿ. ನಿನಗೇನು? ಚಪ್ಪಲಿ ಹಾಕ್ಕೋ, ನಡಿ."

ತಲೆ ಒದ್ದೆಯಾಗಿಯೇ ಹೊರಟೆ. ಎರಡು ಬೀದಿ ದಾಟಲು ಅರ್ಧ ಗಂಟೆ ಹಿಡಿಯಿತು, ಅವರ ಮಂಡಿಗೆ ನಡೆದು ಅಭ್ಯಾಸವಿಲ್ಲ. ತೋಳು ಹಿಡಿಯಲು ಹೋದರೆ ಕೈ ಕೊಡವಿದರು. ಎರಡನೇ ಬೀದಿಯಲ್ಲಿ ತಾವೇ ಹಿಡಿದುಕೊಂಡರು.

ಪ್ರೆಸ್ಸಿನಲ್ಲಿ ಯಂತ್ರದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅತ್ತೆ ಅದನ್ನು ನಿಲ್ಲಿಸಿ ಎಂದು ಕೈ ಮಾಡಿದರು. ಪ್ರೆಸ್ಸಿನವರು ನಿಜಕ್ಕೂ ನಿಲ್ಲಿಸಿದರು.

"ಸೆಲ್ ತೆಗೆದಿದ್ದು ನಾನು. ನಾನೂರ ಹದಿನೇಳು. ಬರ್ಕೊಳ್ಳಿ."

"ಅಯ್ಯೋ, ಹೋಗ್ಲಿ ಬಿಡಿ ಅಜ್ಜಿ…"

"ಬಿಡೋಕಾಗಲ್ಲ. ಡಬ್ಬಿ ತಪ್ಪು ನನ್ನದು, ಹಾಳಾದ ಕಾಗದಕ್ಕೆ ನಾನು ಕೊಡ್ತೀನಿ, ನನ್ನ ಪಿಂಚಣಿ ಇದೆ. ಇವಳ ಕೂಲಿ ಮುಟ್ಟಬೇಡಿ. ಇವಳ ಕೆಲಸದಲ್ಲಿ ತಪ್ಪಿದ್ರೆ ತೋರಿಸಿ. ಇನ್ನೂರು ಪುಟದಲ್ಲಿ ಒಂದು ತೋರಿಸಿ ನೋಡೋಣ. ನಾನು ಎಲ್ಲ ಓದಿದ್ದೀನಿ."

ನಾನು ದಂಗಾದೆ. ತಿದ್ದಿ ಪ್ರಿಂಟ್ ತೆಗೆದು ಮೇಜಿನ ಮೇಲೆ ಬಿಟ್ಟಿರುತ್ತಿದ್ದ ಹಾಳೆಗಳನ್ನು ನಾನು ಮಧ್ಯಾಹ್ನ ಮಲಗಿದ್ದಾಗ ಓದಿದ್ದರಂತೆ. ಇನ್ನೂರು ಪುಟ ಬಸ್ಸಿನ ಸಮಯ, ಮನೆಯಿಂದ ಹೊರಗೆ ಹೋಗುವುದೇ ಅಪರೂಪವಾದವರು! ಕುಟ್ಟೋದು ಎನ್ನಲಿಲ್ಲ, ಕೆಲಸ ಎಂದರು. ಅಲ್ಲಿ ಅಳು ಬಂತು, ಯಂತ್ರದ ಮಸಿ ವಾಸನೆ ಎಂದು ಮೂಗು ಒರೆಸಿಕೊಂಡೆ.

ಪ್ರೆಸ್ಸಿನವರು ಹೊಸ ಹಾಳೆಗಳ ಕಟ್ಟನ್ನು ಮುಂದಿಟ್ಟರು. "ಬಸ್ ಕಚೇರಿಯವ್ರೂ ಒಂದು ತಪ್ಪು ಕಂಡಿಲ್ಲ ಅಜ್ಜಿ. ಅದನ್ನ ಹೇಳೋಕೇ ಫೋನ್ ಮಾಡಿದ್ದು." ನನ್ನ ಕಡೆ ತಿರುಗಿ, "ಡಿಸೆಂಬರದ್ದೂ ನಿಮಗೇ. ತಾರೀಖು ಮಾತ್ರ ನೋಡ್ಕೊಂಡು ಕೊಡಿ ತಾಯಿ," ಎಂದರು.

ಕಾಗದದ ದುಡ್ಡು ಬೇಡವೆಂದರು. ಅತ್ತೆ ಕೇಳಲಿಲ್ಲ. ಅರ್ಧರ್ಧ ಎಂದಾಯಿತು.

ಜುಲೈ ೧, ಮಂಗಳವಾರ

ಬೆಳಿಗ್ಗೆ ಅತ್ತೆ ಒಂದು ಚೀಟಿ ಕತ್ತರಿಸಿದರು. ೪೧೮ ಎಂದು ಬರೆದರು. ನಾನು ಬರೆಯುತ್ತೇನೆಂದರೆ ಕೊಡಲಿಲ್ಲ, ಅಕ್ಷರ 'ಸೊಟ್ಟ' ಎಂದರು. ಹದಿನಾಲ್ಕು ವರ್ಷದಿಂದ ಅಕ್ಷರದಲ್ಲೇ ಅನ್ನ ತಿನ್ನುವವಳಿಗೆ! ಡಬ್ಬಿಯ ಪರದೆ ಸರಿಸಿ, ಸೆಲ್ಲನ್ನು ಅದರ ಜಾಗಕ್ಕೆ ಕೂರಿಸಿ, ತಮ್ಮ ಚೀಟಿಯ ಪಕ್ಕ ಅದನ್ನು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಅವಳಿದ್ದಿದ್ರೆ ಮೊದಲನೇ ದಿನಾನೇ ಕೈ ಮೇಲೆ ಒಂದು ಹೊಡೆದು ಸೆಲ್ ಕಿತ್ಕೋತಿದ್ಲು. ಪಕ್ಕದಲ್ಲಿ ಯಾರೂ ಇರ್ಲಿಲ್ಲ, ಅದಕ್ಕೇ ಆಯ್ತು. ಇನ್ಮೇಲೆ ನಾನು ಮುಟ್ಟಿದ್ದನ್ನ ನೀನು ನೋಡ್ಬೇಕು."

ಹೂಂ ಎಂದೆ.

ಸಂಜೆ ಇವರು ಲೈಬ್ರರಿಯಿಂದ ಬಂದು, ನೂರ ನಲವತ್ತು ಕಾರ್ಡಿನ ಡಬ್ಬಿ ಮೇಜಿನ ಮೇಲಿಟ್ಟು, ತೀರ್ಮಾನ ಪ್ರಕಟಿಸಿದರು. ಎಲ್ಲ ತೂಗಿ ನೋಡಿದರೆ ಜೋಡಿಸುವುದಕ್ಕಿಂತ ಕೊಳ್ಳುವುದೇ ಮೇಲಂತೆ. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಜುಲೈ ೨, ಬುಧವಾರ

ಬೆಳಿಗ್ಗೆ ಡಬ್ಬಿ ಗೊಣಗದೆ ಎದ್ದಿತು. ಮೂಲೆಯಲ್ಲಿ ಇವತ್ತಿನದೇ ತಾರೀಖು ಇತ್ತು. ಒಂದು ಕರಾರುಪತ್ರ ಟೈಪ್ ಮಾಡಿ ಮುಗಿಸಿದೆ, ಅತ್ತೆ ಓದಿ ತಲೆ ಆಡಿಸಿದರು, ಆಮೇಲೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟು ಬಂದೆ.

ಸಂಜೆ ಆರಕ್ಕೆ ನಾನು ಎದ್ದೆ. ಅತ್ತೆ ಅಭ್ಯಾಸದ ಪ್ರಕಾರ ಬಂದರು, ಪ್ಲಗ್ ಕಿತ್ತರು, ಪರದೆ ಸರಿಸಿದರು, ಬೆರಳು ನೇರ ಸೆಲ್ಲಿನ ಹತ್ತಿರ ಹೋಯಿತು. ನಾನು ಅವರ ಕೈ ಮೇಲೆ ಮೆಲ್ಲಗೆ ಒಂದು ಹೊಡೆದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಪರದೆ ಎಳೆದರು. ಕನ್ನಡಕದ ಡಬ್ಬಿಯನ್ನು ಟಪ್ ಎಂದು ಮುಚ್ಚಿದರು.

"ನೋಡ್ತಿದ್ದೀಯೋ ಇಲ್ವೋ ಅಂತ ನೋಡ್ದೆ," ಎಂದರು.